ಜೀವಕೋಶದ ಭಾಗಗಳೆಲ್ಲ ಕಂಠಪಾಠ ಆಗಿದ್ದರೂ ವಿಜ್ಞಾನ ಸ್ಪರ್ಧೆಯಲ್ಲಿ ಅಂಕ ಯಾಕೆ ಬರುತ್ತಿಲ್ಲ?

ಯಾಕಂದರೆ ಅಲ್ಲಿ ಹೆಸರು ಕೇಳುವುದು ಕಡಿಮೆ, "ಇದು ಕೆಟ್ಟರೆ ಏನಾಗುತ್ತದೆ?" ಅಂತ ಕೇಳುವುದೇ ಜಾಸ್ತಿ. ಹಾಗಾಗಿ ಸುಮ್ನೆ ಭಾಗಗಳ ಪಟ್ಟಿ ಓದಬೇಡಿ. ಒಂದು ಪ್ರೋಟೀನಿನ ಬೆನ್ನು ಹಿಡಿದು ಕೋಶದೊಳಗೆಲ್ಲ ಸುತ್ತಿ ಬನ್ನಿ.

ಇನ್ಸುಲಿನ್ ತೆಗೆದುಕೊಳ್ಳಿ. ಅದನ್ನು ಮಾಡುವ ಮಾಹಿತಿ ಕೋಶಕೇಂದ್ರದ ಡಿಎನ್‌ಎಯಲ್ಲಿದೆ. ಅದರ ನಕಲು, ಅಂದರೆ ಎಂಆರ್‌ಎನ್‌ಎ, ಹೊರಗೆ ಬರುತ್ತದೆ. ರೈಬೋಸೋಮ್ ಅದನ್ನು ಓದಿ ಪ್ರೋಟೀನಿನ ಎಳೆ ಹೆಣೆಯುತ್ತದೆ. ಆ ಎಳೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದೊಳಗೆ ಮಡಚಿಕೊಂಡು, ಪುಟ್ಟ ಚೀಲಗಳಲ್ಲಿ ಗಾಲ್ಗಿಗೆ, ಅಂದರೆ ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಭಾಗಕ್ಕೆ, ಹೋಗಿ, ಅಲ್ಲಿಂದ ಮತ್ತೆ ಚೀಲಗಳಲ್ಲಿ ಕೋಶದ ಹೊರಗೆ ಬೀಳುತ್ತದೆ. ಈಗ ಗಾಲ್ಗಿಗೆ ಹೋಗುವ ಚೀಲಗಳು ನಿಂತುಹೋದವು ಅನ್ನಿ. ಪ್ರೋಟೀನು ಆ ಪೊರೆಜಾಲದಲ್ಲೇ ಕಟ್ಟಿಕೊಳ್ಳುತ್ತದೆ ಅಂತ ಯಾರೂ ಹೇಳದೆಯೇ ಹೊಳೆಯುತ್ತದೆ, ಅಲ್ವಾ?

ವಿಜ್ಞಾನಿಗಳಿಗೆ ಈ ದಾರಿ ಗೊತ್ತಾದದ್ದೂ ಹೀಗೆ ಹಿಂಬಾಲಿಸಿಯೇ. ಜಾರ್ಜ್ ಪಲಾಡೆ ಮತ್ತು ಜೊತೆಗಾರರು ಮೇದೋಜೀರಕ ಗ್ರಂಥಿಯ ಕೋಶಗಳಿಗೆ ವಿಕಿರಣ ಸೂಸುವ ಅಮೈನೋ ಆಮ್ಲವನ್ನು (ಪ್ರೋಟೀನಿನ ಎಳೆ ಇಂಥ ಆಮ್ಲಗಳಿಂದಲೇ ಆಗಿರುತ್ತದೆ) ಸ್ವಲ್ಪ ಹೊತ್ತು ಮಾತ್ರ ಕೊಟ್ಟರು. ಆಮೇಲೆ ಆ ಗುರುತು ಯಾವ ಹೊತ್ತಿಗೆ ಎಲ್ಲಿದೆ ಅಂತ ನೋಡುತ್ತಾ ಹೋದರು. 1974ರ ನೊಬೆಲ್‌ನಲ್ಲಿ ಪಲಾಡೆಗೂ ಪಾಲಿತ್ತು. ಇಂಥ ಪ್ರಯೋಗಗಳ ಗ್ರಾಫ್ ಓದುವುದನ್ನು ಚೆನ್ನಾಗಿ ಅಭ್ಯಾಸ ಮಾಡಿ.

ಮೈಕ್ರೋಸ್ಕೋಪ್ ಸಿಕ್ಕರೆ ದಯವಿಟ್ಟು ಬಿಡಬೇಡಿ. ಕೆಂಪು ಈರುಳ್ಳಿಯ ತೆಳು ಪೊರೆಗೆ ಉಪ್ಪುನೀರು ಹಾಕಿ ನೋಡಿ. ಕೋಶದ ಗೋಡೆ ಇದ್ದಲ್ಲೇ ಇರುತ್ತದೆ. ಒಳಗಿನ ಬಣ್ಣದ ಭಾಗ ಮಾತ್ರ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ನೀರು ಹೊರಗೆ ಹೋದದ್ದು ಕಣ್ಣಿಗೇ ಕಾಣುತ್ತದೆ.