ಬೇವು, ದಾಳಿಂಬೆ ಕಷಾಯ ಹಚ್ಚಿದರೆ ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯಲ್ವಾ?

ನೀವು ಕೇಳಿದ್ದು ಅರ್ಧ ನಿಜ. ಉಳಿದರ್ಧದಲ್ಲೇ ಜನ ಮೋಸ ಹೋಗುವುದು.

ನನ್ನದು ಸಿಂಧನೂರಿನಲ್ಲಿ ಚಿಕ್ಕ ವೆಲ್ಡಿಂಗ್ ಅಂಗಡಿ. ಸಮುದ್ರ ದೂರ ಇದ್ದರೂ ಉಪ್ಪಿನ ಕಾಟ ನಮಗೆ ಹೊಸದಲ್ಲ. ಕಾಲುವೆ ನೀರು ನಿಂತು ನಿಂತು ಎಷ್ಟೋ ಹೊಲ ಸವುಳಾಗಿವೆ. ಅಂಥ ಕಡೆ ಗೇಟಿನ ಬುಡವೇ ಮೊದಲು ಉದುರುತ್ತದೆ.

ಹೋದ ಬೇಸಿಗೆಯಲ್ಲಿ ಸುಮ್ನೆ ನೋಡೋಣ ಅಂತ ಒಂದು ಪ್ರಯೋಗ ಮಾಡಿದೆ. ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿದರೆ ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟು ಉಪ್ಪಾಗುತ್ತದೆ. ಎರಡು ಬಾಟಲಿಗೆ ತುಂಬಿದೆ. ಒಂದಕ್ಕೆ ಕುಷ್ಟಗಿ ದಾಳಿಂಬೆಯ ಸಿಪ್ಪೆ ಕುದಿಸಿದ ಕಷಾಯ ಬೆರೆಸಿದೆ. ಎಮರಿ ಕಾಗದದಲ್ಲಿ ಉಜ್ಜಿದ ಮೊಳೆ ಎರಡಕ್ಕೂ ಬಿಟ್ಟೆ. ಬರೀ ಉಪ್ಪುನೀರಿನ ಮೊಳೆ ಮರುದಿನವೇ ಕೆಂಪಾಯಿತು. ಕಷಾಯದ ನೀರು ಮಾತ್ರ ಮಸಿಯ ಹಾಗೆ ಕಪ್ಪಾಯಿತು, ಕೆಂಪು ಕಾಣಲೇ ಇಲ್ಲ. ಗೆದ್ದೆ ಅಂದುಕೊಂಡೆ.

ಆದರೆ ಆ ಕಪ್ಪು ಎಲ್ಲಿಂದ ಬಂತು? ಮೊಳೆಯ ಕಬ್ಬಿಣವೇ ಕರಗಿ, ಸಿಪ್ಪೆಯ ಒಗರಿನ ಜೊತೆ ಸೇರಿ ಆದದ್ದು. ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುತ್ತಲ್ಲ, ಅದೇ ಕತೆ. ವಾರ ಬಿಟ್ಟು ಗೆಳೆಯನ ಬಂಗಾರದ ತಕ್ಕಡಿಯಲ್ಲಿ ತೂಗಿದಾಗ ಎರಡೂ ಸವೆದಿದ್ದವು. ಕಷಾಯದ್ದು ಸ್ವಲ್ಪ ಕಡಿಮೆ, ಅಷ್ಟೇ. ಬಣ್ಣ ನೋಡಿ ನಂಬಬೇಡಿ, ತೂಕ ನೋಡಿ. ಲ್ಯಾಬಿನಲ್ಲೂ ಮೊದಲು ನೋಡುವುದು ಅದನ್ನೇ.

ಒಗರಿನಲ್ಲಿರುವ ಟ್ಯಾನಿನ್ ಲೋಹದ ಮೈಗೆ ಅಂಟಿಕೊಂಡು ತೆಳುವಾದ ಪೊರೆ ಕಟ್ಟುತ್ತದೆ. ಬೇವಿನ ಎಲೆಯಲ್ಲೂ ಹೀಗೆ ಅಂಟುವ ವಸ್ತುಗಳಿವೆ. ಆದರೆ ಕಷಾಯ ನೀರಿನಲ್ಲಿ ಇರುವಷ್ಟು ಹೊತ್ತೇ ಈ ಆಟ. ಗೇಟಿಗೆ ಬಳಿದರೆ ಒಂದು ಮಳೆಗೆ ತೊಳೆದು ಹೋಗುತ್ತದೆ. ಜಾಸ್ತಿ ಗಟ್ಟಿ ಮಾಡಿದರೆ ಅದರ ಹುಳಿಯೇ ಕಬ್ಬಿಣ ತಿನ್ನುತ್ತದೆ.

ನಾನು ಈಗ ಬಳಸುವುದು ಪೇಂಟಿನ ಕೆಳಗೆ ಮಾತ್ರ. ಸಡಿಲ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ತೆಳುವಾಗಿ ಕಷಾಯ ಬಳಿಯುತ್ತೇನೆ. ಉಳಿದ ತುಕ್ಕು ಕಪ್ಪಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಪೇಂಟ್. ತುಕ್ಕನ್ನು ಹೀಗೆ ಕಪ್ಪಾಗಿಸಲು ಅಂಗಡಿಯಲ್ಲಿ ಸಿಗುವ ಎಷ್ಟೋ 'ರಸ್ಟ್ ಕನ್ವರ್ಟರ್'ಗಳಲ್ಲೂ ಇದೇ ಟ್ಯಾನಿನ್ ಜಾತಿಯ ಟ್ಯಾನಿಕ್ ಆಸಿಡ್ ಇರುತ್ತದೆ.

ಕಷಾಯ ಕುದಿಸಿದ ದಿನವೇ ಬಳಸಿಬಿಡಿ. ನಾನು ಉಳಿಸಿಟ್ಟದ್ದಕ್ಕೆ ಮೂರನೇ ದಿನ ಬೂಷ್ಟು ಹಿಡಿದು, ವಾಸನೆ ತಾಳಲಾರದೆ ಮನೆಯವಳು ಪಾತ್ರೆ ಸಮೇತ ಹೊರಗಿಟ್ಟಳು.