31 ಇಂಚಿನ ಟಯರ್, ಹಿಂದೆ ಸಣ್ಣ ಟ್ರೇಲರ್: ಬೊಲೆರೊಗೆ ಕ್ರೌನ್-ಪಿನಿಯನ್ ಬದಲಿಸಬೇಕೇ?

ಕ್ರೌನ್-ಪಿನಿಯನ್ ಸೆಟ್ಟಿಗೆ (ಹಿಂದಿನ ಆಕ್ಸಲ್ ಒಳಗೆ ಗಾಲಿ ತಿರುಗಿಸೋ ಹಲ್ಲುಗಾಲಿಗಳ ಜೋಡಿ) ದುಡ್ಡು ಹಾಕೋ ಮುಂಚೆ, ಟ್ರೇಲರ್ ಕಟ್ಟಿದಾಗಲೆಲ್ಲ ನಾಲ್ಕನೇ ಗೇರಿನಲ್ಲೇ ಓಡಿಸಿ ನೋಡ್ರಿ. ಐದಕ್ಕೆ ಹೋಗಲೇಬೇಡ್ರಿ. ನಿಮ್ಮ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ ಅಂತ ನನ್ನ ಅಂದಾಜು.

ನೀವು ಬರೆದದ್ದು ಇಷ್ಟು: 1.5 ಲೀಟರ್ ಡೀಸೆಲ್ ಬೊಲೆರೊ. ಕಂಪನಿಯ 215/75 ಆರ್15 ತೆಗೆದು 31x10.5 ಆರ್15 ಹಾಕಿಸಿದ್ದೀರಿ. ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ 500 ಲೀಟರ್ ಔಷಧಿ ಟ್ಯಾಂಕಿನ ಟ್ರೇಲರ್ ಎಳೀತೀರಿ. ಐದನೇ ಗೇರಿನಲ್ಲಿ ಗಾಡಿಗೆ ದಮ್ಮೇ ಇಲ್ಲ, ಆಕ್ಸಲ್ ರೇಷಿಯೊ (ಗಾಲಿಯ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೆ ಅನ್ನೋದು) 4.56 ಹಾಕಿಸಲೋ 4.88 ಹಾಕಿಸಲೋ ಅಂತ ನಿಮ್ಮ ಪ್ರಶ್ನೆ. ನಾನು ಬೆಳಗಾವಿಯಲ್ಲಿ ಹೌಸಿಂಗ್ (ಕ್ರೌನ್-ಪಿನಿಯನ್ ಕೂರೋ ಆಕ್ಸಲ್ ಡಬ್ಬಿ), ಗೇರ್‌ಬಾಕ್ಸ್ ಕೆಲಸ ಮಾಡೋನು. ಇಂಥ ಗಾಡಿಗಳು ನಮ್ಮಲ್ಲಿಗೆ ಬರ್ತಾವೆ.

ಮೊದಲು ಲೆಕ್ಕ. ಹಳೇ ಟಯರಿನ ಎತ್ತರ 703 ಮಿ.ಮೀ. ಚಿಲ್ಲರೆ, ಹೊಸದು ಹೆಸರಿಗೆ 787. ಹತ್ತತ್ರ 12 ಪರ್ಸೆಂಟ್ ಹೆಚ್ಚು. ನಿಮ್ಮ ಹೌಸಿಂಗಿನಲ್ಲಿ 4.10 ಇದೆ ಅಂತ ಲೆಕ್ಕಕ್ಕೆ ಹಿಡಿಯೋಣ, ಅಂದ್ರೆ ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 10. ದೊಡ್ಡ ಟಯರ್ ಏರಿಸಿದ ದಿನವೇ ಆ 4.10 ರಸ್ತೆಯ ಮೇಲೆ 3.66ರ ಕೆಲಸ ಮಾಡೋಕೆ ಶುರು ಮಾಡಿತು. ಎಲ್ಲ ಗೇರಿನಲ್ಲೂ ಎಳೆತ ಹತ್ತು-ಹನ್ನೊಂದು ಪರ್ಸೆಂಟ್ ಕಡಿಮೆ, ರಿವರ್ಸ್ ಸೇರಿ.

ನಿಮ್ಮ ಎಂಜಿನ್ನು 210 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ) ಕೊಡೋದು 1600ರಿಂದ 2200 ಆರ್‌ಪಿಎಂ ನಡುವೆ. ಅದರ ಕೆಳಗೆ ಟರ್ಬೊ ಸರಿಯಾಗಿ ಎದ್ದಿರೋದಿಲ್ಲ. ಆರ್‌ಪಿಎಂ ತೆಗೆಯೋದು ಸುಲಭ: ಸ್ಪೀಡನ್ನು ಆಕ್ಸಲ್ ರೇಷಿಯೊ, ಗೇರಿನ ರೇಷಿಯೊ ಎರಡರಿಂದಲೂ ಗುಣಿಸ್ರಿ, ಅದನ್ನು 5305ರಿಂದ ಗುಣಿಸಿ, ಮಿ.ಮೀ. ಲೆಕ್ಕದ ಟಯರ್ ಎತ್ತರದಿಂದ ಭಾಗಿಸ್ರಿ. ಐದನೇ ಗೇರು 0.8 ಅಂತ ಇಟ್ಟುಕೊಂಡರೆ, 70ರ ಸ್ಪೀಡಿನಲ್ಲಿ ಹಳೇ ಟಯರಿಗೆ 1730 ಬರುತ್ತಿತ್ತು. ಈಗ 1550 ಮಾತ್ರ. ಟ್ರೇಲರ್ ಬೇರೆ ಹಿಂದೆ. ಗಾಡಿ ಸತ್ತಂಗಾಗೋದು ಇದಕ್ಕೇ. ಎಂಜಿನ್ ಏನೂ ಕೆಟ್ಟಿಲ್ಲ. ಅದೇ 70ರಲ್ಲಿ ನಾಲ್ಕನೇ ಗೇರು ಹಾಕ್ರಿ. ಈ ಥರದ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಅದು ಡೈರೆಕ್ಟ್, ಒಂದಕ್ಕೆ ಒಂದು. 1930 ಬರುತ್ತದೆ, ಟಾರ್ಕಿನ ನಟ್ಟನಡುವೆ. ಟ್ರೇಲರ್ ಕಟ್ಟಿಕೊಂಡು 70 ದಾಟಬಾರದು ಅನ್ನೋದು ಬೇರೆ ಮಾತು.

ಹಾಗಾದ್ರೆ ಕ್ರೌನ್ ಬದಲಿಸೋದು ಯಾವಾಗ? ನಾಲ್ಕನೇ ಗೇರಿನಿಂದ ಸರಿಹೋಗದ ಜಾಗ ಒಂದಿದೆ: ಗಾಡಿ ಎತ್ತೋದು, ಅಂದ್ರೆ ನಿಂತಲ್ಲಿಂದ ಹೊರಡಿಸೋದು. ಒಂದನೇ ಗೇರಿಗಿಂತ ಕೆಳಗೆ ನಿಮ್ಮ ಹತ್ತಿರ ಇನ್ನೊಂದು ಗೇರಿಲ್ಲ. ಮಳೆ ಬಿದ್ದ ಎರಿ ಹೊಲದಿಂದ ತುಂಬಿದ ಟ್ಯಾಂಕಿನ ಸಮೇತ ಬದುವು ಏರಿಸುವಾಗ, ಇಲ್ಲಾ ಟ್ರೇಲರನ್ನು ರಿವರ್ಸಿನಲ್ಲಿ ಏರಿಗೆ ತಳ್ಳುವಾಗ, ಅರ್ಧ ಕ್ಲಚ್ಚಿನ ಮೇಲೆ ಎಷ್ಟು ಹೊತ್ತು ನಿಲ್ಲಿಸಬೇಕಾಗ್ತದೆ ಅಂತ ಗಮನಿಸ್ರಿ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮತ್ತೆ ಮತ್ತೆ ಬಂದ್ರೆ ಆಗ ರೇಷಿಯೊ ಬದಲಿಸೋದು ಸರಿ. ವಾಸನೆ ಬರದೇ ಇದ್ದರೆ ತಿಕೋಟಾದಿಂದ ವಿಜಯಪುರದ ಸಪಾಟು ರಸ್ತೆಗೆ ಹೌಸಿಂಗ್ ಬಿಚ್ಚೋದು ನನಗೆ ಸರಿ ಕಾಣೋದಿಲ್ಲ. ವರ್ಷಕ್ಕೊಮ್ಮೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗ್ತೀವಿ ಅನ್ನೋದೂ ಕಾರಣ ಅಲ್ಲ, ಅವತ್ತು ಟ್ರೇಲರ್ ಇರೋದಿಲ್ಲವಲ್ಲ.

ಬದಲಿಸೋದೇ ಆದ್ರೆ 4.56, ಅಂದ್ರೆ 41ಕ್ಕೆ 9. 4.10ನ್ನು 787ರಿಂದ ಗುಣಿಸಿ 703ರಿಂದ ಭಾಗಿಸಿದ್ರೆ 4.59 ಬರುತ್ತದೆ, ಅದಕ್ಕೆ ಹತ್ತಿರದ್ದು ಇದು. ಕಂಪನಿ ಕೊಟ್ಟಾಗಿನ ಎಳೆತ ಹೆಚ್ಚುಕಮ್ಮಿ ವಾಪಸ್ ಸಿಗುತ್ತದೆ. 4.88 ಹಾಕಿದ್ರೆ ಮೂಲಕ್ಕಿಂತ 6 ಪರ್ಸೆಂಟ್ ಜಾಸ್ತಿ. ವರ್ಷವಿಡೀ ಟ್ರೇಲರ್ ಕಳಚದವರಿಗೆ ಅದು ಹೊಂದುತ್ತದೆ. ನೀವು ಸೊಲ್ಲಾಪುರ ಹೈವೇಗೂ ಇದೇ ಗಾಡಿ ಒಯ್ಯೋರು, ದಿನಾ ಅಷ್ಟು ಆರ್‌ಪಿಎಂ ಜಾಸ್ತಿ ತಿರುಗಿಸಿ ಡೀಸೆಲ್ ಯಾಕೆ ಸುಡಬೇಕು? ಜೊತೆಗೆ ರೇಷಿಯೊ ಏರಿದಷ್ಟೂ ಪಿನಿಯನ್ ಸಣ್ಣದಾಗ್ತಾ ಹೋಗುತ್ತದೆ. ಅಮೆರಿಕದವರು 4.88 ಅನ್ನೋದು 35 ಇಂಚಿನ ಟಯರ್ ಹಾಕಿದ 3.6 ಲೀಟರ್ ಪೆಟ್ರೋಲ್ ಜೀಪ್ ರ‍್ಯಾಂಗ್ಲರ್‌ಗೆ. ಆ ಎಂಜಿನ್ನಿನ ಟಾರ್ಕ್ ತುದಿ ಮುಟ್ಟೋದೇ ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ. ನಮ್ಮ ಡೀಸೆಲ್ಲಿಗೆ ಆ ಅಂಕಿ ತಂದು ಅಂಟಿಸೋದು ಪಕ್ಕದ ಮನೆಯವರ ಬಿಪಿ ಗುಳಿಗೆ ನುಂಗಿದಂತೆ.

ನಾನು 4.10, 787 ಅಂತ ಬರೆದದ್ದನ್ನ ಹಾಗೇ ನಂಬಿ ಸೆಟ್ ತರಬೇಡ್ರಿ, ಎರಡೂ ನಿಮ್ಮ ಗಾಡಿಯ ಮೇಲೇ ಅಳೀರಿ. ಟಯರಿಗೆ: ಗಾಳಿ ಸರಿ ಮಾಡಿ, ಗಾಡಿಯಲ್ಲಿ ಎಂದಿನ ಲೋಡ್ ಇಟ್ಟು, ಟಯರ್ ನೆಲಕ್ಕೆ ತಾಗುವ ಜಾಗದಲ್ಲಿ ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೀರಿ. ಐದು ಸುತ್ತು ನೇರ ತಳ್ಳಿ, ಗೆರೆ ಮತ್ತೆ ಕೆಳಗೆ ಬಂದಲ್ಲಿ ನೆಲಕ್ಕೆ ಗುರುತು ಹಾಕಿ ಟೇಪ್ ಹಿಡೀರಿ. ಆ ಉದ್ದವನ್ನ ಐದರಿಂದ, ಆಮೇಲೆ 3.14ರಿಂದ ಭಾಗಿಸಿದ್ರೆ ನಿಜವಾದ ಎತ್ತರ. 31 ಅಂತ ಬರೆದ ಟಯರು ಭಾರ ಬಿದ್ದಾಗ 31 ಇರೋದಿಲ್ಲ. ಹಳೇ ಟಯರನ್ನೂ ಹೀಗೇ ಅಳೆದರೇ ಲೆಕ್ಕ ಸಮ.

ರೇಷಿಯೊಗೆ: ಸಪಾಟು ನೆಲದಲ್ಲಿ ಮುಂದಿನ ಗಾಲಿಗಳಿಗೆ, ನೆಲದ ಮೇಲಿರುವ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಇನ್ನೊಂದು ಹಿಂದಿನ ಗಾಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸ್ರಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಎತ್ತಿದ ಗಾಲಿಯನ್ನು ಕೈಯಿಂದ 20 ಸುತ್ತು ತಿರುಗಿಸ್ರಿ, ಇನ್ನೊಬ್ಬರು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಲಿ. ಒಂದು ಗಾಲಿ ನಿಂತಿರೋದರಿಂದ 20 ಸುತ್ತು ಅಂದ್ರೆ ಕ್ರೌನ್ 10 ಸುತ್ತು. ಶಾಫ್ಟ್ 41 ಸುತ್ತಿದರೆ 4.10.

ಸೆಟ್ ಸಿಗೋದು ಅದೇ ಹೌಸಿಂಗ್ ಇರುವ ಬೇರೆ ಮಾಡೆಲ್ಲುಗಳಿಗೆ ಕಂಪನಿ ಯಾವ ರೇಷಿಯೊ ಹಾಕಿದೆಯೋ ಅದರಲ್ಲಿ ಮಾತ್ರ. ನಮ್ಮ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಏನು ಬೇಕಾದ್ರೂ ಕಡೆದು ಕೊಡ್ತಾರೆ ಅಂತ ಹುಕ್ಕೇರಿಯಿಂದ ಇಂಡಿಯವರೆಗೆ ಎಲ್ಲರ ನಂಬಿಕೆ. ಆದ್ರೆ ಈ ಹೈಪಾಯ್ಡ್ ಹಲ್ಲು (ಓರೆಯಾಗಿ ಬಾಗಿದ ಹಲ್ಲು) ಮಾಮೂಲಿ ಮಿಲ್ಲಿಂಗ್ ಮಷೀನಿನ ಕೆಲಸ ಅಲ್ಲ. ಕ್ರೌನು, ಪಿನಿಯನ್ನು ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರ್ತಾರೆ, ಜೋಡಿ ನಂಬರ್ ಎರಡರ ಮೇಲೂ ಇರುತ್ತದೆ. ಒಂದರ ಕ್ರೌನ್, ಇನ್ನೊಂದರ ಪಿನಿಯನ್ ಕೂಡಿಸಿ ಕೊಟ್ರೆ ವಾಪಸ್ ಕಳಿಸ್ರಿ. ನಿಮ್ಮದು ಫೋರ್‌ವೀಲ್ ಡ್ರೈವ್ ಆಗಿದ್ದರೆ ಮುಂದೂ ಹಿಂದೂ ಎರಡೂ ಬದಲಿಸಬೇಕಿತ್ತು, ಖರ್ಚು ಡಬಲ್.

ಫಿಟ್ಟಿಂಗ್ ಮಾಡುವಾಗ ಅಲ್ಲೇ ನಿಲ್ರಿ. ಕ್ರೌನಿನ ಮೂರ್ನಾಲ್ಕು ಹಲ್ಲಿಗೆ ಬಣ್ಣ ಹಚ್ಚಿ ಕೈಯಿಂದ ತಿರುಗಿಸಿ ಅಚ್ಚು ನೋಡಬೇಕು. ಅಚ್ಚು ಹಲ್ಲಿನ ನಡುವೆ ಮೂಡಬೇಕು. ತುದಿಗೋ ಬುಡಕ್ಕೋ ಸರಿದಿದ್ರೆ ಪಿನಿಯನ್ ಹಿಂದಿನ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ಕೂರಿಸಬೇಕು. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಡಯಲ್ ಗೇಜಿನಲ್ಲೇ ನೋಡಬೇಕು, ಕೈಯಲ್ಲಿ ಅಲ್ಲಾಡಿಸಿ ‘ಬರೋಬರಿ ಐತ್ರಿ’ ಅಂದ್ರೆ ಒಪ್ಪಬೇಡ್ರಿ. ಇಲ್ಲಿ ಅವಸರ ಮಾಡಿದ್ರೆ 50ರ ಮೇಲೆ ಹೌಸಿಂಗ್ ಕೂಗೋಕೆ ಶುರು ಮಾಡುತ್ತದೆ, ಆ ಕೂಗು ಎಣ್ಣೆ ಬದಲಿಸಿದ್ರೆ ಹೋಗೋದಿಲ್ಲ.

ಬ್ರೇಕಿನ ಬಗ್ಗೆ ನೀವು ಕೇಳಿಲ್ಲ, ನಾನು ಹೇಳ್ತೀನಿ. ದೊಡ್ಡ ಟಯರಿನಿಂದ ಬ್ರೇಕಿನ ಹಿಡಿತವೂ ಅಷ್ಟೇ ಪರ್ಸೆಂಟ್ ಕಡಿಮೆಯಾಗಿದೆ. ಕ್ರೌನ್ ಬದಲಿಸಿದ್ರೆ ಎಳೆತ ವಾಪಸ್ ಬರುತ್ತದೆ, ಬ್ರೇಕ್ ಬರೋದಿಲ್ಲ. ಹಿಂದೆ ಬ್ರೇಕಿಲ್ಲದ ಟ್ರೇಲರ್, ಅದರಲ್ಲಿ ಅರ್ಧ ತುಂಬಿ ತುಳುಕುವ ಟ್ಯಾಂಕು. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾಗಿ 67 ಓಡ್ತಾ ಇರ್ತೀರಿ. ಜೊತೆಗೆ ಆರ್‌ಸಿಯಲ್ಲಿರೋದಕ್ಕಿಂತ ಗಾಡಿ ಬದಲಾದ್ರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, ಇನ್ಶೂರೆನ್ಸಿನವರು ಕ್ಲೇಮಿನ ಹೊತ್ತಿಗೆ ಅದನ್ನೇ ಎತ್ತುತ್ತಾರೆ. ಅದಕ್ಕೇ ನನ್ನನ್ನ ಕೇಳಿದ್ರೆ, ಆ 31 ಮಾರಿ 235/75 ಆರ್15ಕ್ಕೆ ಬರ್ರಿ ಅಂತೀನಿ. ಎತ್ತರ 733, ಮೂಲಕ್ಕಿಂತ 4 ಪರ್ಸೆಂಟ್ ಮಾತ್ರ ಜಾಸ್ತಿ. 70ರಲ್ಲಿ ಐದನೇ ಗೇರಿನಲ್ಲೂ 1660 ಬರುತ್ತದೆ, ಹೌಸಿಂಗ್ ಮುಟ್ಟೋದೇ ಬೇಡ. ಇದಕ್ಕೂ ಮೊದಲು ಆರ್‌ಟಿಓ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ರಿ.

ಸ್ಟೆಪ್ನಿ ಇನ್ನೂ ಹಳೇದೇ ಇದೆಯಾ? ಪಂಕ್ಚರ್ ಆದಾಗ ಅದನ್ನ ಹಿಂದಿನ ಆಕ್ಸಲಿಗೆ ಹಾಕಿ ಊರೂರು ಓಡಿಸಬೇಡ್ರಿ. ಎಡಕ್ಕೊಂದು ಬಲಕ್ಕೊಂದು ಅಳತೆ ಇದ್ರೆ ಒಳಗಿನ ಸ್ಪೈಡರ್ ಗೇರು (ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ಸ್ಪೀಡಿನಲ್ಲಿ ತಿರುಗೋಕೆ ಬಿಡೋ ಸಣ್ಣ ಗೇರು) ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗಿ ಕಾಯ್ತಾವೆ. ಮುಂದಿನ ಟಯರ್ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನ ಮುಂದೆ ಹಾಕಿಕೊಂಡು ನಿಧಾನ ಹೋಗಿ ಪಂಕ್ಚರ್ ತೆಗೆಸ್ರಿ.

ಇಷ್ಟಾದ ಮೇಲೂ 4.56 ಹಾಕಿಸಿದ್ರೆ ಹೈಪಾಯ್ಡ್ ಗೇರಿಗೆ ಬೇಕಾದ ಜಿಎಲ್-5 ದರ್ಜೆಯ ಎಣ್ಣೆಯನ್ನೇ ಹಾಕಿಸ್ರಿ. ಮೊದಲ ದಿನ ಇಪ್ಪತ್ತು ಮೂವತ್ತು ಕಿ.ಮೀ. ಖಾಲಿ ಓಡಿಸಿ, ಹೌಸಿಂಗ್ ಪೂರ್ತಿ ಆರೋ ತನಕ ನಿಲ್ಲಿಸ್ರಿ, ಹೀಗೆ ಎರಡು ಮೂರು ಸಲ. 800 ಕಿ.ಮೀ. ಆಗೋವರೆಗೆ ಟ್ರೇಲರ್ ಕಟ್ಟಬೇಡ್ರಿ. ಆಮೇಲೆ ಎಣ್ಣೆ ಇಳಿಸಿ ಡ್ರೇನ್ ಪ್ಲಗ್ ನೋಡ್ರಿ. ಕಪ್ಪು ಹಿಟ್ಟಿನಂಥ ಪುಡಿ ಇದ್ರೆ ಸರಿ, ಉಗುರಿಗೆ ಸಿಗೋ ಚೂರು ಇದ್ರೆ ಫಿಟ್ಟಿಂಗ್ ಮಾಡಿದವರ ಹತ್ತಿರ ಅವತ್ತೇ ವಾಪಸ್ ಒಯ್ರಿ.