ಬಟ್ಟೆ ತಡೆದ ಮಳೆ ಹೊಲಿಗೆಯಲ್ಲಿ ಇಳಿದಾಗ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಬಳಿ ಎಂಟು ಜನ ಮಲಗುವ ಪಾಲಿಯೆಸ್ಟರ್ ಟೆಂಟ್ ಇದೆ. ಏಳು ವರ್ಷ ಹಳೆಯದು. ಅಕ್ಟೋಬರಿನಲ್ಲಿ ಮಾಜಾಳಿ ಕಡಲದಂಡೆಯಲ್ಲಿ ಹಾಕಿದ್ದಾಗ ಒಂದೇ ಮಳೆಗೆ ನೆತ್ತಿಯ ಹೊಲಿಗೆಯಿಂದ ಹನಿ ಬೀಳತೊಡಗಿತು. ಒಳಗಿನ ಟೇಪು ಅಲ್ಲಲ್ಲಿ ಎದ್ದು ಜೋತಾಡುತ್ತಿದೆ. ನಾವೇ ಸರಿಮಾಡಿಕೊಳ್ಳಬಹುದೇ? ಎಷ್ಟು ಸೀಲರ್ ತರಬೇಕು?
– ಕಾರವಾರದ ಓದುಗರು

ಉತ್ತರ: ಬಟ್ಟೆಯ ಲೇಪ ಇನ್ನೂ ಗಟ್ಟಿಯಿದ್ದರೆ ಖಂಡಿತ ಮಾಡಿಕೊಳ್ಳಬಹುದು. ಅದನ್ನು ನೋಡದೆ ಸೀಲರಿಗೆ ಹಣ ಹಾಕಬೇಡಿ. ಮೇಲುಹೊದಿಕೆಯ, ಅಂದರೆ ಫ್ಲೈನ, ಒಳಮೈಯನ್ನು ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಜಿಗುಟು ಹತ್ತಿದರೆ, ಹಳಸಿದ ಹುಳಿ ವಾಸನೆ ಬಂದರೆ, ಬಿಳಿ ಸಿಪ್ಪೆ ಉದುರಿದರೆ ಒಳಗಿನ ಪಾಲಿಯುರೆಥೇನ್ ಲೇಪ, ಅಂಗಡಿಯವರ ಮಾತಿನಲ್ಲಿ ಪಿಯು, ಮುಗಿದಿದೆ ಎಂದೇ ಅರ್ಥ. ಗಾಳಿಯ ತೇವವೇ ಈ ಲೇಪವನ್ನು ವರ್ಷಗಟ್ಟಲೆ ಒಡೆಯುತ್ತ ಬರುತ್ತದೆ. ಕರಾವಳಿಯಲ್ಲಿ ಅದು ಬೇಗ; ಒದ್ದೆಯಾಗಿಯೇ ಸುತ್ತಿ ಚೀಲಕ್ಕೆ ತುಂಬಿದ ಟೆಂಟಿಗೆ ಇನ್ನೂ ಬೇಗ. ಸೀಲರ್ ಹಿಡಿದುಕೊಳ್ಳುವುದು ಲೇಪವನ್ನು. ಲೇಪವೇ ಬಟ್ಟೆ ಬಿಟ್ಟು ಏಳುತ್ತಿದ್ದರೆ ಸೀಲರೂ ಅದರ ಜೊತೆ ಎದ್ದು ಬರುತ್ತದೆ. ಅಂಥ ಹಳೆಯ ಲೇಪವನ್ನೆಲ್ಲ ಕೆರೆದು ಹೊಸದಾಗಿ ಬಳಿಯುವ ದ್ರವ ಸಿಗುತ್ತದೆ, ಚಿಕ್ಕ ಟೆಂಟಿಗೆ ಆ ಶ್ರಮ ಸಾರ್ಥಕ. ಎಂಟು ಜನರ ಫ್ಲೈಗೆ ಬೇಡ. ಮೇಲೆ ಒಂದು ತಾಡಪಾಲು ಇಳಿಜಾರಾಗಿ ಕಟ್ಟಿಕೊಳ್ಳುವುದೇ ಮೇಲು.

ಲೇಪ ಸರಿಯಿದೆ ಎಂದಾದರೆ ದೋಷ ಇರುವುದು ಸೂಜಿಯ ತೂತುಗಳಲ್ಲಿ. ನಿಮ್ಮ ಅಳತೆಯ ಟೆಂಟಿನ ಮಾಡಿನಲ್ಲಿ ಸುಮಾರು 30 ಮೀಟರ್ ಹೊಲಿಗೆ ಇರುತ್ತದೆ. ಸೆಂಟಿಮೀಟರಿಗೆ 3 ಹೊಲಿಗೆ ಎಂದು ಹಿಡಿದರೂ 9 ಸಾವಿರ ತೂತು, ಜೋಡಿ ಹೊಲಿಗೆಯಾದರೆ 18 ಸಾವಿರ. ಬಟ್ಟೆಯ ಮೇಲೆ 3000 ಮಿ.ಮೀ. ಎಂದು ಬರೆದಿದ್ದರೆ ಅದು ಮೂರು ಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂದರ್ಥ. ಆ ಲೆಕ್ಕ ಬಟ್ಟೆಯದು, ತೂತಿನದಲ್ಲ. ಕಾರ್ಖಾನೆಯಲ್ಲಿ ತೂತು ಮುಚ್ಚಲೆಂದೇ ಬಿಸಿಯಲ್ಲಿ ಅಂಟಿಸಿದ ಟೇಪು ಈಗ ಎದ್ದಿದೆ, ಅಷ್ಟೆ.

ಮೊದಲು ಸೋರುವ ಜಾಗ ಗುರುತಿಸಿ. ಟೆಂಟ್ ಬಿಗಿಯಾಗಿ ನಿಲ್ಲಿಸಿ, ಪೈಪಿನ ಬಾಯಿಗೆ ಶವರ್ ಸಿಕ್ಕಿಸಿ ಮೇಲಿನಿಂದ 15–20 ನಿಮಿಷ ಮಳೆಯಂತೆ ನೀರು ಬೀಳಲಿ. ಪೈಪನ್ನು ನೇರವಾಗಿ ಹೊಲಿಗೆಗೆ ಹಿಡಿಯಬೇಡಿ. ಆ ಒತ್ತಡಕ್ಕೆ ಒಳ್ಳೆಯ ಹೊಲಿಗೆಯೂ ಸೋರುತ್ತದೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತು ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಹನಿ ಬಿದ್ದ ಜಾಗವೇ ತೂತಿನ ಜಾಗ ಎಂದುಕೊಳ್ಳಬೇಡಿ, ನೀರು ಹೊಲಿಗೆಯ ಗುಂಟ ಕೆಳಗೆ ಹರಿದು ತಗ್ಗು ಸಿಕ್ಕಲ್ಲಿ ಉದುರುತ್ತದೆ. ಗುರುತಿನಿಂದ ಮೇಲೆ ಮೇಲೆ ಹುಡುಕಿ. ಹೆಚ್ಚಾಗಿ ಸಿಗುವುದು ಮೂರು ಹೊಲಿಗೆ ಕೂಡುವ ಮೂಲೆ, ಹಗ್ಗ ಕಟ್ಟುವ ಪಟ್ಟಿಯ ಬುಡ, ಜಿಪ್ಪಿನ ತುದಿ, ಕಿಟಕಿಯ ಮೇಲಂಚು. ಹಗ್ಗದ ಪಟ್ಟಿ ಬತ್ತಿಯಂತೆ ನೀರು ಎಳೆದು ಒಳಗೆ ಕಳಿಸುತ್ತದೆ, ಅದನ್ನು ಮರೆಯುವವರೇ ಜಾಸ್ತಿ.

ಆಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ನಿಮ್ಮದು ಕಡಲದಂಡೆಯಲ್ಲಿ ನಿಂತ ಟೆಂಟ್, ಹೊಲಿಗೆಯ ಸಂದಿಯಲ್ಲಿ ಉಪ್ಪು ಕೂತಿರುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಆ ಸಾಲು ಪೂರ್ತಿ ಒಣಗುವುದೇ ಇಲ್ಲ, ಒಣಗದ್ದಕ್ಕೆ ಸೀಲರ್ ಹಿಡಿಯುವುದಿಲ್ಲ. ಬಟ್ಟೆ ತೊಳೆಯುವ ಪುಡಿ ಬೇಡ, ಅದರ ಶೇಷ ಉಳಿದರೆ ಬಟ್ಟೆ ನೀರು ಕುಡಿಯತೊಡಗುತ್ತದೆ. ಕೊಳೆ ಹೆಚ್ಚಿದ್ದರೆ ತೆಳು ಸೋಪುನೀರು, ಮೆತ್ತನೆಯ ಸ್ಪಂಜು, ಎರಡು ಮೂರು ಸಲ ಜಾಲಿಸುವುದು.

ಎದ್ದ ಟೇಪನ್ನು ಕೈಯಿಂದ ಮೆಲ್ಲಗೆ ಎಳೆಯಿರಿ. ಬಂದಷ್ಟು ಬರಲಿ. ಗಟ್ಟಿಯಾಗಿ ಕೂತದ್ದನ್ನು ಹಟಕ್ಕೆ ಕೀಳಬೇಡಿ, ಅದರ ಜೊತೆ ಲೇಪವೂ ಹೋಗುತ್ತದೆ. ಟೇಪು ಹೋದಲ್ಲಿ ಉಳಿದ ಅಂಟನ್ನು ಮೆಡಿಕಲ್ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಪೇಂಟ್ ಅಂಗಡಿಯ ಥಿನ್ನರ್ ಮುಟ್ಟಲೇಬೇಡಿ, ಅದು ಲೇಪವನ್ನೇ ಕರಗಿಸುತ್ತದೆ. ಹೊಸ ಟೇಪು ತಂದು ಇಸ್ತ್ರಿ ಹಾಕಿ ಅಂಟಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಹಳೆಯ ಲೇಪದ ಮೇಲೆ ನಾವು ಅದನ್ನು ಹೇಳುವುದಿಲ್ಲ. ಸ್ವಲ್ಪ ಬಿಸಿ ಹೆಚ್ಚಾದರೆ ಬಟ್ಟೆ ಮುದುಡುತ್ತದೆ, ಕಡಿಮೆಯಾದರೆ ಟೇಪು ಹಿಡಿಯುವುದಿಲ್ಲ.

ಸೀಲರ್ ಎಷ್ಟು ಬೇಕು ಎನ್ನುವುದು ಸರಳ ಗುಣಾಕಾರ. ಒಂದು ಸೆಂಟಿಮೀಟರ್ ಅಗಲ, 0.2 ಮಿ.ಮೀ. ದಪ್ಪ ಬಳಿದರೆ ಮೀಟರಿಗೆ 2 ಮಿ.ಲೀ. ಹೋಗುತ್ತದೆ. 30 ಮೀಟರಿಗೆ 60, ಮೂಲೆಗಳಲ್ಲಿ ಎರಡನೇ ಕೈಗೂ ಬ್ರಷ್‌ನಲ್ಲಿ ಉಳಿಯುವುದಕ್ಕೂ ಸೇರಿ 80 ಮಿ.ಲೀ. ಇಟ್ಟುಕೊಳ್ಳಿ. 28 ಗ್ರಾಮಿನ ಟ್ಯೂಬಾದರೆ ಮೂರು. ನಿಮಗೆ ಬೇಕಾದದ್ದು ಪಿಯು ಬಟ್ಟೆಗೆ ಎಂದು ಬರೆದಿರುವ ಯುರೆಥೇನ್ ಸೀಲರ್, ಸಿಲಿಕೋನ್ ಅಲ್ಲ.

ಬಳಿಯುವಾಗ ಫ್ಲೈಯನ್ನು ಒಳಹೊರಗು ಮಾಡಿ ಪೋಲುಗಳ ಮೇಲೆ ಬಿಗಿಯಾಗಿ ಎಳೆದು ಕಟ್ಟಿ. ಎಳೆತದಲ್ಲಿ ತೂತು ಬಾಯಿ ತೆರೆದು ಸೀಲರ್ ಒಳಗೆ ಇಳಿಯುತ್ತದೆ. ನೆಲದ ಮೇಲೆ ಹಾಸಿ ಬಳಿದರೆ ಮೇಲೆ ಪೊರೆ ಮಾತ್ರ ಆಗುತ್ತದೆ, ಟೆಂಟ್ ನಿಲ್ಲಿಸಿದ ಕೂಡಲೇ ಹೊಲಿಗೆ ಹಿಗ್ಗಿ ಪೊರೆ ಬಿರಿಯುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತರ ಸುಮಾರಿಗೆ ಶುರುಮಾಡಿ, ನೆರಳಿದ್ದರೆ ಒಳ್ಳೆಯದು. ಏಪ್ರಿಲ್–ಮೇ ಮಧ್ಯಾಹ್ನದ ಬಿಸಿಲಿನಲ್ಲಿ ಮೇಲ್ಮೈ ಬೇಗ ಕೆನೆಗಟ್ಟಿ ಒಳಗೆ ಗುಳ್ಳೆ ಉಳಿಯುತ್ತದೆ. ಗಿಡ್ಡ ಬಿರುಸು ಕೂದಲಿನ ಬ್ರಷ್ ತೆಗೆದುಕೊಂಡು ದಾರದ ಮೇಲೆ ಅಡ್ಡಡ್ಡ ಉಜ್ಜಿ, ಆಮೇಲೆ ಉದ್ದಕ್ಕೆ ಎಳೆದು ಸಮಮಾಡಿ. ಬಟ್ಟೆ ಮಡಿಚಿ ಹೊಲಿದ ಅಂಚಿದ್ದರೆ ಆ ಅಂಚಿನ ಕೆಳಗೂ ಬ್ರಷ್ ಹೋಗಬೇಕು. ಉಳಿದ ಹಳೆಯ ಟೇಪಿನ ತುದಿಗಳ ಮೇಲೆ ಒಂದು ಸೆಂಟಿಮೀಟರ್ ಹತ್ತಿಸಿ ಬಳಿಯಿರಿ. ದಪ್ಪ ಒಂದೇ ಕೈಗಿಂತ ತೆಳುವಾಗಿ ಎರಡು ಕೈ ಹೆಚ್ಚು ಬಾಳುತ್ತದೆ.

ಯುರೆಥೇನ್ ಗಟ್ಟಿಯಾಗುವುದು ಗಾಳಿಯ ತೇವ ಹೀರಿ. ಆದ್ದರಿಂದ ನಮ್ಮ ಕಡಲಗಾಳಿ ಅದಕ್ಕೆ ಅಡ್ಡಿಯಲ್ಲ, ಆದರೆ ಬಳಿಯುವ ಬಟ್ಟೆ ಮಾತ್ರ ಒಣಗಿರಲೇಬೇಕು. 24 ಗಂಟೆ ಹಾಗೇ ನಿಲ್ಲಲಿ. ಸಂಜೆ ಇಬ್ಬನಿ ಬೀಳುವ ಮೊದಲು ಜಗಲಿಗೋ ಮಾಡಿನಡಿಗೋ ಎತ್ತಿಡಿ. ಮರುದಿನ ಬೆರಳಿಗೆ ಹತ್ತದಿದ್ದರೂ ಸಾಲುಗಳ ಮೇಲೆ ಟಾಲ್ಕಂ ಪೌಡರ್ ಸವರಿ, ಇಲ್ಲದಿದ್ದರೆ ಮಡಿಚಿಟ್ಟಾಗ ಒಂದಕ್ಕೊಂದು ಅಂಟಿಕೊಂಡು ಬಿಡಿಸುವಾಗ ಕಿತ್ತು ಬರುತ್ತದೆ. ನಂತರ ಮತ್ತೆ ಪೈಪಿನ ಪರೀಕ್ಷೆ. ಉಳಿದ ಟ್ಯೂಬನ್ನು ಗಾಳಿ ಹೊರಹಿಂಡಿ ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಹೊರಗಿಟ್ಟರೆ ನಮ್ಮ ಹವೆಗೆ ಒಳಗೇ ಕಲ್ಲಾಗುತ್ತದೆ.

ಪ್ರಶ್ನೆ: ಕಿಟಕಿ ಗಾಜಿಗೆ ಹಾಕುವ ಸಿಲಿಕೋನ್ ಗಮ್ ತಂದು ಟೆಂಟಿನ ಹೊಲಿಗೆಗೆಲ್ಲ ಹಚ್ಚಿದೆ. ಎರಡೇ ಸಲ ಮಡಿಚಿದ್ದಕ್ಕೆ ರಬ್ಬರ್ ಪಟ್ಟಿಯಂತೆ ಎದ್ದು ಬಂತು. ನನ್ನ ತಮ್ಮನ ಟೆಂಟಿಗೆ ಅದೇ ಗಮ್ ಚೆನ್ನಾಗಿ ಹಿಡಿದಿದೆ. ಯಾಕೆ ಹೀಗೆ?
– ಕುಮಟಾದ ಓದುಗರು

ಉತ್ತರ: ಎರಡು ಟೆಂಟಿನ ಲೇಪ ಬೇರೆ. ನಿಮ್ಮದು ಪಿಯು, ತಮ್ಮನದು ಸಿಲಿಕೋನ್ ಹೀರಿಸಿದ ನೈಲಾನ್ ಇರಬೇಕು. ಸಿಲಿಕೋನ್ ಬಟ್ಟೆಗೆ ಸಿಲಿಕೋನ್ ಬಿಟ್ಟು ಬೇರೇನೂ ಹತ್ತುವುದಿಲ್ಲ, ಅದಕ್ಕೇ ಅಂಥ ಟೆಂಟಿಗೆ ಕಾರ್ಖಾನೆಯ ಟೇಪೂ ಇರುವುದಿಲ್ಲ. ಪಿಯು ಮೇಲೆ ಸಿಲಿಕೋನ್ ಕೂರುತ್ತದೆಯೇ ಹೊರತು ಕಚ್ಚುವುದಿಲ್ಲ. ಗುರುತಿಸುವ ಬಗೆ ಸುಲಭ: ಒಳಗಡೆ ಟೇಪು ಇದ್ದರೆ ಪಿಯು. ಟೇಪಿಲ್ಲದೆ ಎರಡೂ ಮೈ ಜಾರುತ್ತಿದ್ದು ಸೆಲೋಟೇಪು ಹಚ್ಚಿದರೆ ನಿಲ್ಲದಿದ್ದರೆ ಸಿಲಿಕೋನ್. ಹೊರಗೆ ಸಿಲಿಕೋನ್, ಒಳಗೆ ಪಿಯು ಇರುವ ಮೂರನೇ ಜಾತಿಯೂ ಇದೆ, ಅದಕ್ಕೆ ಯಾವ ಮೈಗೆ ಬಳಿಯುತ್ತೀರೋ ಆ ಮೈಯ ಸೀಲರ್. ಸಂಶಯವಿದ್ದರೆ ಮೂಲೆಯಲ್ಲಿ ಒಂದು ಚುಕ್ಕೆ ಹಚ್ಚಿ, ಒಂದು ದಿನ ಬಿಟ್ಟು ಉಗುರಿನಿಂದ ಕೆರೆಯಿರಿ. ಸಿಪ್ಪೆಯಾಗಿ ಎದ್ದರೆ ಅದು ನಿಮ್ಮ ಬಟ್ಟೆಯದಲ್ಲ.

ಈಗ ಎದ್ದದ್ದನ್ನೆಲ್ಲ ಕೈಯಿಂದ ಕಿತ್ತು, ಆಲ್ಕೋಹಾಲಿನಲ್ಲಿ ಒರೆಸಿ, ಯುರೆಥೇನಿನ ಚುಕ್ಕೆ ಪರೀಕ್ಷೆ ಮಾಡಿ. ಉಳಿದ ಸಿಲಿಕೋನಿನ ಪಸೆಗೆ ಅದು ಹಿಡಿಯದೆಹೋದರೆ ಹೊಲಿಗೆಯ ಇನ್ನೊಂದು ಮೈಯನ್ನು ಶುಚಿಮಾಡಿ ಅಲ್ಲಿ ಪರೀಕ್ಷಿಸಿ.

ತಮ್ಮನಿಗೂ ಒಂದು ಮಾತು. ಗಮ್ಮನ್ನು ಟ್ಯೂಬಿನಿಂದ ನೇರವಾಗಿ ಹಚ್ಚಿದರೆ ದಪ್ಪವಾಗಿ ಮೇಲೇ ನಿಲ್ಲುತ್ತದೆ. 50 ಮಿ.ಲೀ. ಪಾರದರ್ಶಕ ಶುದ್ಧ ಸಿಲಿಕೋನಿಗೆ 100 ಮಿ.ಲೀ. ಮಿನರಲ್ ಟರ್ಪಂಟೈನ್ ಹಾಕಿ, ಗಾಜಿನ ಬಾಟಲಿಯಲ್ಲಿ ಗಂಟಿಲ್ಲದಂತೆ ಕಲಕಿದರೆ ತೆಳ್ಳೇವಿನ ಹಿಟ್ಟಿನ ಹದಕ್ಕೆ ಬರುತ್ತದೆ. ದೊಡ್ಡ ಟೆಂಟೊಂದಕ್ಕೆ ಇಷ್ಟು ಸಾಕು. ಇದನ್ನು ಹೊರಮೈಗೆ ಬಳಿಯಬೇಕು, ಅರ್ಧ ಗಂಟೆಯೊಳಗೆ ಮುಗಿಸಬೇಕು, ಬಯಲಿನಲ್ಲಿ, ಬೆಂಕಿಯಿಂದ ದೂರ. ಗಮ್ ವಿನೆಗರ್ ವಾಸನೆಯದಾದರೆ ಲೋಹದ ಜಿಪ್ಪು, ರಿಂಗುಗಳಿಗೆ ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಶಾಲೆಯ ಸ್ಕೌಟ್ ತಂಡಕ್ಕೆ ಹೊಸ ಹತ್ತಿ ಕ್ಯಾನ್ವಾಸ್ ಟೆಂಟ್ ತಂದೆವು. ಮೊದಲ ಮಳೆಗೇ ಹೊಲಿಗೆಯಲ್ಲಿ ತೊಟ್ಟಿಕ್ಕಿತು. ಸೀಲರ್ ಹಚ್ಚಬೇಕೇ, ವಾಪಸು ಕೊಡಬೇಕೇ?
– ಶಿರಸಿಯ ಶಿಕ್ಷಕರು

ಉತ್ತರ: ಎರಡೂ ಬೇಡ. ಹೊಸ ಹತ್ತಿ ಟೆಂಟನ್ನು ಮೊದಲು ನೀರಿಗೆ ಪಳಗಿಸಬೇಕು. ನಿಲ್ಲಿಸಿ, ಹಗ್ಗಗಳನ್ನು ಸ್ವಲ್ಪ ಸಡಿಲ ಬಿಟ್ಟು (ಹತ್ತಿ ನೆನೆದರೆ ಕುಗ್ಗುತ್ತದೆ, ಬಿಗಿಯಿದ್ದರೆ ಗೂಟ ಕಿತ್ತೀತು, ಹೊಲಿಗೆ ಹರಿದೀತು) ಹೊಲಿಗೆಯೆಲ್ಲ ತೊಯ್ಯುವಂತೆ ನೀರು ಹಾಕಿ. ಪೂರ್ತಿ ಒಣಗಿಸಿ. ಹೀಗೆ ಮೂರು ಸಲ. ಹತ್ತಿಯ ದಾರ ನೀರು ಕುಡಿದು ಉಬ್ಬಿ ಸೂಜಿಯ ತೂತನ್ನು ತಾನೇ ತುಂಬುತ್ತದೆ.

ಇಷ್ಟಾದರೂ ಸೋರುವ ಜಾಗ ಉಳಿದರೆ ಅಲ್ಲಿನ ದಾರ ಪಾಲಿಯೆಸ್ಟರ್ ಇರಬಹುದು, ಅದು ಉಬ್ಬುವುದಿಲ್ಲ. ಅಲ್ಲಿಗೆ ಮಾತ್ರ ಜೇನುಮೇಣ. ನಿಮ್ಮ ಕಡೆ ಜೇನು ಸಾಕುವವರ ಬಳಿ ಒಳ್ಳೆಯ ಮೇಣವೇ ಸಿಗುತ್ತದೆ. ಒಣಗಿದ ಹೊಲಿಗೆಯ ಹೊರಮೈಗೆ ಉಂಡೆಯನ್ನು ಬಲವಾಗಿ ತಿಕ್ಕಿ, ಕೂದಲು ಒಣಗಿಸುವ ಡ್ರೈಯರಿನ ಗಾಳಿ ಹಿಡಿದು ಕರಗಿಸಿ ಒಳಗಿಳಿಸಿ. ಕ್ಯಾನ್ವಾಸಿಗೆ ಸಿಲಿಕೋನ್ ಬೇಡ. ಒಮ್ಮೆ ಹಚ್ಚಿದರೆ ಮುಂದೆ ಅಲ್ಲಿಗೆ ಮೇಣವಾಗಲಿ ಬೇರೆ ಲೇಪವಾಗಲಿ ಹತ್ತುವುದಿಲ್ಲ. ಮಳೆ ಬೀಳುವಾಗ ಮಕ್ಕಳು ಒಳಗಿನಿಂದ ಬಟ್ಟೆಗೆ ಬೆನ್ನು ತಾಗಿಸದಂತೆ ನೋಡಿಕೊಳ್ಳಿ, ತಾಗಿದಲ್ಲಿ ನೀರು ಒಳಗೆ ಜಿನುಗತೊಡಗುತ್ತದೆ.

ಪ್ರಶ್ನೆ: ಹೊಲಿಗೆಗೆಲ್ಲ ಸೀಲರ್ ಹಾಕಿದ್ದೇವೆ. ಮಳೆಯಿಲ್ಲದ ರಾತ್ರಿಯೂ ಬೆಳಗಾಗುವಾಗ ಒಳಗೆ ಒದ್ದೆ, ನೆಲವೂ ತೇವ. ಸೀಲರ್ ಕೆಟ್ಟಿದೆಯೇ?
– ಹೊನ್ನಾವರದ ಓದುಗರು

ಉತ್ತರ: ಮಳೆಯಿಲ್ಲದೆ ಒದ್ದೆಯಾದರೆ ಅದು ನಿಮ್ಮ ಉಸಿರಿನ ಮತ್ತು ಕಡಲಗಾಳಿಯ ಆವಿ. ತಣ್ಣಗಾದ ಫ್ಲೈಗೆ ತಾಗಿ ಹನಿಗಟ್ಟಿದೆ. ಸೋರಿಕೆ ಹೊಲಿಗೆಯ ಸಾಲಿನಲ್ಲೇ ಕಾಣುತ್ತದೆ, ಆವಿಯ ಹನಿ ಬಟ್ಟೆಯ ಮೈತುಂಬ ಇರುತ್ತದೆ. ಎದುರುಬದುರು ಗವಾಕ್ಷಿಗಳನ್ನು ರಾತ್ರಿಯಿಡೀ ತೆರೆದಿಡಿ, ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ, ಫ್ಲೈ ಒಳಗಿನ ಬಟ್ಟೆಗೆ ತಾಗದಂತೆ ಹಗ್ಗ ಬಿಗಿಯಿರಿ.

ನೆಲದ ವಿಷಯ ಬೇರೆ. ಟೆಂಟಿನ ಅಡಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ತಳಕ್ಕಿಂತ ದೊಡ್ಡದಿದೆಯೇ ನೋಡಿ. ಹೊರಗೆ ಚಾಚಿದ ಅಂಚಿಗೆ ಫ್ಲೈಯಿಂದ ಇಳಿದ ಇಬ್ಬನಿ, ಮಳೆನೀರು ಬಿದ್ದು ಹಾಳೆಗೂ ತಳಕ್ಕೂ ನಡುವೆ ಹರಿದು ಬಂದು ನಿಲ್ಲುತ್ತದೆ. ಮರಳಿನ ಮೇಲೆ ಅಷ್ಟು ಗೊತ್ತಾಗದಿದ್ದರೂ ಚೀರೆಕಲ್ಲಿನ ನೆಲದಲ್ಲಿ ನೀರು ಇಂಗದೆ ಅಲ್ಲೇ ಉಳಿಯುತ್ತದೆ. ಹಾಳೆಯನ್ನು ನಾಲ್ಕೂ ಕಡೆ ತಳಕ್ಕಿಂತ 5–8 ಸೆಂಟಿಮೀಟರ್ ಒಳಗಿರುವಂತೆ ಕತ್ತರಿಸಿ ಅಥವಾ ಕೆಳಮುಖವಾಗಿ ಮಡಿಚಿ ಹಾಸಿ.